ಶಿಂಬ್ರಾ ಅಂದರೆ ಕಡಲೆ: ಇಥಿಯೋಪಿಯಾಕ್ಕೆ ಪಾಠ ಹೇಳಲು ಹೊರಟವರ ಅಡುಗೆಮನೆ

ಇಥಿಯೋಪಿಯಾದಲ್ಲಿ ಮೇಷ್ಟರ ಕೆಲಸ ಸಿಕ್ಕಿತು ಅಂದ ಕೂಡಲೇ ಮನೆಯಲ್ಲಿ ಶುರುವಾಗುವುದು ಗಂಟು ಕಟ್ಟುವ ಗಡಿಬಿಡಿ. ಹತ್ತು ಕೆ.ಜಿ. ಅಕ್ಕಿ, ಐದು ಕೆ.ಜಿ. ಬೇಳೆ, ರಾಗಿಹಿಟ್ಟು, ಮೆಂತ್ಯ, ಅರಿಸಿನ, ಕಡಲೆ. ಇದರಲ್ಲಿ ಮುಕ್ಕಾಲು ಪಾಲು ಅಲ್ಲಿಯ ಸಂತೆಯಲ್ಲೇ ಇದೆ. ಕೆಲವಂತೂ ನಮ್ಮ ಹೊಲಕ್ಕೆ ಬಂದದ್ದೇ ಆ ಕಡೆಯಿಂದ. ಹೆಸರು ಗೊತ್ತಿಲ್ಲದ ಒಂದೇ ಕಾರಣಕ್ಕೆ ಜನ ಮೊದಲ ಮೂರು ತಿಂಗಳು ಬ್ರೆಡ್ಡು, ಮೊಟ್ಟೆ, ನೂಡಲ್ಸ್ ತಿಂದು ಸೊರಗುತ್ತಾರೆ. ಹಾಗಾಗಿ ಹೆಸರುಗಳಿಂದಲೇ ಆರಂಭಿಸೋಣ.

ಅಲ್ಲಿ ಬಹುತೇಕ ಕಡೆ ಸಂತೆಯ ಭಾಷೆ ಅಮ್ಹಾರಿಕ್. ಕಡಲೆ ಅಂದರೆ ಶಿಂಬ್ರಾ. ಒಡೆದ ಬೇಳೆ ಯಾವುದೇ ಆಗಲಿ, ಅದು ಕಿಕ್. ಕೆಂಪು ಚೆನ್ನಂಗಿಬೇಳೆಗೆ ಮಿಸಿರ್ ಕಿಕ್, ಬಟಾಣಿಯ ಬೇಳೆಗೆ ಅತೆರ್ ಕಿಕ್, ಕಡಲೆಬೇಳೆಗೆ ಶಿಂಬ್ರಾ ಕಿಕ್. ಮೆಂತ್ಯ ಅಬಿಶ್, ಅರಿಸಿನ ಇರ್ದ್, ಕೊತ್ತಂಬರಿ ಬೀಜ ದಿಂಬಿಲಾಲ್, ಜೀರಿಗೆ ಕಮುನ್, ಓಮ ನೆಚ್ ಅಜ್ಮುದ್, ಶುಂಠಿ ಜಿಂಜಿಬಿಲ್. ಈರುಳ್ಳಿ ಕೆಯ್ ಶಿಂಕುರ್ತ್, ಅಂದರೆ ಕೆಂಪು ಉಳ್ಳಿ. ಬೆಳ್ಳುಳ್ಳಿ ನೆಚ್ ಶಿಂಕುರ್ತ್, ಬಿಳಿ ಉಳ್ಳಿ. ನಮ್ಮ ಬೆಳ್ಳುಳ್ಳಿಯ ಹಾಗೆಯೇ. ಆಲೂಗಡ್ಡೆ ದಿನ್ನಿಚ್, ಹಸಿಮೆಣಸಿನಕಾಯಿ ಕಾರಿಯಾ, ಅಕ್ಕಿ ರುಜ್, ಉಪ್ಪು ಚೆವ್. "ಸಿಂತ್ ನೆವ್?" ಅಂದರೆ ಎಷ್ಟು. ಇಷ್ಟು ಗೊತ್ತಿದ್ದರೆ ಒಂದು ವಾರದ ಸಾಮಾನು ತರಬಹುದು.

ಅಂಗಡಿಯ ಫಲಕ ಓದುವುದೂ ಕನ್ನಡದವರಿಗೆ ಕಷ್ಟವಲ್ಲ. ಅಮ್ಹಾರಿಕ್ ಲಿಪಿಯೂ ಕಾಗುಣಿತದ ಲಿಪಿ. 33 ಮೂಲಾಕ್ಷರ, ಒಂದೊಂದಕ್ಕೂ ಏಳು ಸ್ವರರೂಪ. ಒಂದು ಸಾಲು ಹಿಡಿತಕ್ಕೆ ಬಂದರೆ ಉಳಿದ ಸಾಲುಗಳ ಕೊಂಬು, ಗೀಟು ಬಹುಮಟ್ಟಿಗೆ ಅದೇ ಧಾಟಿಯಲ್ಲಿರುತ್ತವೆ. ದಿನಕ್ಕೆ ಎರಡು ಸಾಲು ಬರೆದರೆ ಮೂರು ವಾರದೊಳಗೆ ಓದಲು ಬರುತ್ತದೆ. ಗಂಟಲಲ್ಲಿ ತಡೆದು ಸಿಡಿಸುವ ಕೆಲವು ವ್ಯಂಜನಗಳನ್ನು ಮಾತ್ರ ನಮ್ಮ ಮಹಾಪ್ರಾಣ ಅಂದುಕೊಳ್ಳಬೇಡಿ. ಅಲ್ಲಿ ಉಸಿರು ಹೊರಬರುವುದಿಲ್ಲ, ತಡೆದು ನಿಲ್ಲುತ್ತದೆ.

ಈಗ ರಾಗಿಗೆ ಬರೋಣ. ರಾಗಿ ಮೊದಲು ಬೇಸಾಯಕ್ಕೆ ಬಂದದ್ದು ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ. ನಮಗೆ ಬಂದದ್ದು ಸಾವಿರಾರು ವರ್ಷಗಳ ಹಿಂದೆ. ಇಥಿಯೋಪಿಯಾದಲ್ಲಿ ಅದರ ಹೆಸರು ದಗುಸ್ಸಾ. ವಾಯವ್ಯ ಭಾಗದಲ್ಲಿ, ಗೊಜ್ಜಾಂ ಮತ್ತು ಬಹಿರ್ ದಾರ್ ಸುತ್ತಮುತ್ತ, ಧಾರಾಳವಾಗಿ ಬೆಳೆಯುತ್ತಾರೆ. ಅಲ್ಲಿ ಅದನ್ನು ಇಂಜೆರಾ ಎಂಬ ಹುಳಿ ದೋಸೆಯ ಹಿಟ್ಟಿಗೆ ಬೆರೆಸುತ್ತಾರೆ, ಮನೆಯಲ್ಲಿ ಕಾಯಿಸುವ ಮದ್ಯಕ್ಕೂ ಬಳಸುತ್ತಾರೆ. ಕಾಳು ಕೊಳ್ಳಿ, ಹಿಟ್ಟು ಕೊಳ್ಳಬೇಡಿ. ಮಾರುವ ಹಿಟ್ಟಿನಲ್ಲಿ ಬೇರೆ ಧಾನ್ಯ ಸೇರಿರುವುದು ಸಾಮಾನ್ಯ. ಕಾಳನ್ನು ನೆಲದ ಕಣದಲ್ಲಿ ಒಕ್ಕುವುದರಿಂದ ಮರಳು ಇದ್ದೇ ಇರುತ್ತದೆ. ಅಗಲ ಪಾತ್ರೆಯಲ್ಲಿ ನೀರು ತುಂಬಿ ಕನಿಷ್ಠ ಮೂರು ಸಲ ಗಾಳಿಸಿ, ತಳದ ಎರಡು ಹಿಡಿಯನ್ನು ಯೋಚಿಸದೆ ಚೆಲ್ಲಿ, ಉಳಿದದ್ದನ್ನು ಎರಡು ದಿನ ಬಿಸಿಲಲ್ಲಿ ಒಣಗಿಸಿ. ಆಮೇಲೆ ಗಿರಣಿ. ಅದಕ್ಕೆ ವೊಫ್ಚೊ ಬೇತ್ ಅನ್ನುತ್ತಾರೆ. ಅದೇ ಕಲ್ಲಿನಲ್ಲಿ ಖಾರದ ಪುಡಿಯೂ ಬೀಸಿರಬಹುದು. ನಿಮ್ಮದೇ ಒಂದು ಹಿಡಿ ಕಾಳು ಮೊದಲು ಹಾಕಿಸಿ ಆ ಹಿಟ್ಟನ್ನು ಬೇರೆ ಇಡಿಸಿ. ಹಾಗೆ ಮಾಡದಿದ್ದರೆ ಮುದ್ದೆಗೆ ಮೆಣಸಿನಕಾಯಿಯ ಘಾಟು ಹತ್ತುತ್ತದೆ.

ಮುದ್ದೆ ಕೂಡ ಅಲ್ಲಿ ಸ್ವಲ್ಪ ಹಟ ಮಾಡುತ್ತದೆ, ಕಾರಣ ಎತ್ತರ. ಅಡ್ಡಿಸ್ ಅಬಾಬಾ ಸಮುದ್ರಮಟ್ಟದಿಂದ ಸುಮಾರು 2,355 ಮೀಟರ್ ಮೇಲಿದೆ. ಅಲ್ಲಿ ನೀರು 92 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಬೆಂಗಳೂರಿನಲ್ಲಿ 97. ಸುಮಾರು 1,800 ಮೀಟರಿನ ಬಹಿರ್ ದಾರ್‌ನಲ್ಲಿ 94. ಕೊತಕೊತ ಕುದಿಯುವುದು ಕಣ್ಣಿಗೆ ಕಾಣುತ್ತದೆ, ಆದರೆ ಬಿಸಿ ಸಾಲದು. ಹಾಗಾಗಿ ಒಂದು ಲೋಟ ಹಿಟ್ಟಿಗೆ ಎರಡು ಲೋಟಕ್ಕಿಂತ ಚೂರು ಹೆಚ್ಚೇ ನೀರು ಇಡಿ. ಹಿಟ್ಟನ್ನು ನಡುವೆ ಗುಡ್ಡೆ ಹಾಕಿದ ಮೇಲೆ ಕೋಲು ಆಡಿಸದೆ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತರಿಂದ ಹನ್ನೆರಡು ನಿಮಿಷ ಬೇಯಲು ಬಿಡಿ. ತಿರುವಿ ಗಂಟು ಒಡೆದ ಮೇಲೆ ಮತ್ತೆ ಮುಚ್ಚಿ ಮೂರು ನಿಮಿಷ. ಒದ್ದೆ ಬೆರಳಲ್ಲಿ ಒತ್ತಿದಾಗ ಅಂಟಿದರೆ ಇನ್ನೂ ಹಸಿ ಇದೆ ಅಂತಲೇ.

ಅನ್ನದ್ದೂ ಇದೇ ಕತೆ. ತೆರೆದ ಪಾತ್ರೆಯಲ್ಲಿ ಇಟ್ಟರೆ ಹೊರಗೆ ಬೆಂದು ಒಳಗೆ ನಡು ಗಟ್ಟಿ ಉಳಿಯುತ್ತದೆ. ಕುಕ್ಕರ್ ಅಲ್ಲಿ ಸೌಕರ್ಯವಲ್ಲ, ಅಗತ್ಯ. ಕುಕ್ಕರಿನೊಳಗೂ ಶಾಖ ನಮ್ಮಲ್ಲಿಗಿಂತ ಮೂರ್ನಾಲ್ಕು ಡಿಗ್ರಿ ಕಡಿಮೆಯೇ, ಯಾಕೆಂದರೆ ತೂಕದ ವಿಷಲ್ ಎತ್ತುವ ಒತ್ತಡ ಹೊರಗಿನ ಗಾಳಿಯ ಒತ್ತಡದ ಮೇಲೆ ಸೇರುವಂಥದ್ದು, ಆ ಗಾಳಿಯೇ ಅಲ್ಲಿ ತೆಳು. ವಿಷಲ್ ಎಣಿಸುವ ಅಭ್ಯಾಸ ಬಿಟ್ಟು ನಿಮಿಷ ಎಣಿಸಿ. ಮೊದಲ ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಊರಿನಲ್ಲಿ ಎಷ್ಟು ಹೊತ್ತು ಇಡುತ್ತಿದ್ದಿರೋ ಅದಕ್ಕೆ ಸುಮಾರು ಕಾಲು ಭಾಗ ಸೇರಿಸಿ. ತೊಗರಿಬೇಳೆಯನ್ನು ಒಂದು ಗಂಟೆ, ಕಡಲೆಕಾಳನ್ನು ರಾತ್ರಿಯಿಡೀ ನೆನೆಸದೆ ಇಡಲೇಬೇಡಿ. ಗ್ಯಾಸ್ಕೆಟ್ ಎರಡು, ಸೇಫ್ಟಿ ವಾಲ್ವ್ ಎರಡು ಊರಿನಿಂದಲೇ ಒಯ್ಯಿರಿ. ನಿಮ್ಮ ಕುಕ್ಕರಿನ ಅಳತೆಯದು ಅಲ್ಲಿ ಸಿಗುತ್ತದೆಂಬ ಭರವಸೆ ಬೇಡ.

ಒಲೆ ಹೆಚ್ಚಾಗಿ ಕಾಯಿಲ್ ಇರುವ ಕರೆಂಟ್ ಒಲೆ. ಅದು ಬಿಸಿಯಾಗುವುದೂ ನಿಧಾನ, ಆರುವುದೂ ನಿಧಾನ. ಸ್ವಿಚ್ ಆರಿಸಿದ ಮೇಲೂ ಕುಕ್ಕರ್ ಕೂಗುತ್ತಲೇ ಇರುತ್ತದೆ, ತಳ ಹಿಡಿಯುತ್ತದೆ. ಆದ್ದರಿಂದ ಕುಕ್ಕರನ್ನು ಒಲೆಯಿಂದ ಇಳಿಸಿ ಪಕ್ಕಕ್ಕಿಡಿ. ಒಗ್ಗರಣೆಗಂತೂ ಬಾಣಲೆ ಎತ್ತಿ ಹಿಡಿದೇ ಸಾಸಿವೆ ಸಿಡಿಸಬೇಕು. ಕರೆಂಟ್ 220 ವೋಲ್ಟ್, ಆದ್ದರಿಂದ ನಮ್ಮ ಮಿಕ್ಸಿ ಓಡುತ್ತದೆ. ಆದರೆ ಗೋಡೆಯ ಸಾಕೆಟ್ ಯುರೋಪಿನ ಎರಡು ದುಂಡು ಪಿನ್ನಿನದು. ಅಡಾಪ್ಟರ್ ಗೊಂಚಲು ಒಯ್ಯುವ ಬದಲು ನಮ್ಮ ಸಾಕೆಟ್ಟುಗಳಿರುವ ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ದು, ಅದರ ತುದಿಗೆ ಅರ್ಥಿಂಗ್ ಇರುವ ಅಲ್ಲಿನ ಪ್ಲಗ್ಗನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿಕೊಳ್ಳಿ. ಕರೆಂಟ್ ಹೋದಾಗ ಅಕ್ಕಪಕ್ಕದವರು ಇದ್ದಿಲ ಒಲೆ ಕೊಡುತ್ತಾರೆ. ಅದನ್ನು ಅಂಗಳದಲ್ಲೇ ಹೊತ್ತಿಸಿ. ಚಳಿಯೆಂದು ಮುಚ್ಚಿದ ಕೋಣೆಯೊಳಗೆ ತಂದರೆ ಇದ್ದಿಲಿನ ಹೊಗೆಯಲ್ಲಿರುವ, ವಾಸನೆಯಿಲ್ಲದ ವಿಷಗಾಳಿ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಕುಡಿಯುವ ನೀರು 2,000 ಮೀಟರ್ ಮೇಲಿನ ಊರುಗಳಲ್ಲಿ ಮಳ್ಳಿದ ಮೇಲೆ ಪೂರ್ತಿ ಮೂರು ನಿಮಿಷ ಕುದಿಯಬೇಕು.

ಹುಳಿಗೆ ತೊಗರಿಬೇಳೆ ಮುಗಿದಾಗ ಜನ ಮೊದಲು ಕೈಹಾಕುವುದು ಮಿಸಿರ್ ಕಿಕ್‌ಗೆ. ಹದಿನೈದು ನಿಮಿಷದಲ್ಲಿ ಬೇಯುತ್ತದೆ, ತಿಳಿಸಾರಿಗೆ ಚೆನ್ನ. ಹುಳಿಗೆ ಮಾತ್ರ ಅತೆರ್ ಕಿಕ್ ಉತ್ತಮ. ಹೆಚ್ಚು ಹೊತ್ತು ಬೇಯಿಸಬೇಕು, ಆದರೆ ತೊಗರಿಯ ಹಾಗೆ ಮೈ ಕೊಡುತ್ತದೆ. ಹುಣಸೆಹಣ್ಣು ಇಲ್ಲದಾಗ ನಿಂಬೆ, ಅಲ್ಲಿಯ ಹೆಸರು ಲೋಮಿ. ಬೇಳೆ ಪೂರ್ತಿ ಬೆಂದು, ಒಲೆಯಿಂದ ಇಳಿದ ಮೇಲೆಯೇ ಹಿಂಡಬೇಕು. ಮೊದಲೇ ಹುಳಿ ಬಿದ್ದರೆ ಬೇಳೆ ಗಟ್ಟಿಯಾಗಿ ಕೂರುತ್ತದೆ. ಇನ್ನೊಂದು ಎಚ್ಚರಿಕೆ: ಅಂಗಡಿಯ ಕೆಂಪು ಬೆರ್ಬೆರೆ ಪುಡಿ ಬರಿಯ ಖಾರದಪುಡಿ ಅಲ್ಲ. ಅದರಲ್ಲಿ ಉಪ್ಪು, ಬೆಳ್ಳುಳ್ಳಿ, ಶುಂಠಿ, ಓಮ, ಕೊರೆರಿಮಾ ಎಂಬ ಅಲ್ಲಿನ ಏಲಕ್ಕಿ, ಇನ್ನೂ ಹಲವು ಇರುತ್ತವೆ. ಸಾರಿಗೆ ಹಾಕಿದರೆ ಸಾರು ಸಾರಾಗಿ ಉಳಿಯುವುದಿಲ್ಲ. ಇಡೀ ಒಣಮೆಣಸಿನಕಾಯಿ ಬೇಕೆಂದರೆ ಜಾಲಾ ಬೆರ್ಬೆರೆ ಅಂತ ಕೇಳಿ. ಮಿತ್ಮಿತಾ ಅನ್ನುವುದು ಇನ್ನೂ ಉರಿಯುವ ಪುಡಿ, ಚಿಟಿಕೆಗಿಂತ ಹೆಚ್ಚು ಬೇಡ.

ಉತ್ತರ ಕರ್ನಾಟಕದವರಿಗೆ ಅಲ್ಲಿ ಸಿಗುವ ಸುಖ ಬೇರೆಯದೇ. ಗುರೆಳ್ಳು, ಅಂದರೆ ಹಳೇ ಮೈಸೂರಿನವರ ಹುಚ್ಚೆಳ್ಳು, ಅಲ್ಲಿ ನೂಗ್. ಅದರ ತವರೇ ಆ ನೆಲ. ಸಸ್ಯಶಾಸ್ತ್ರದ ಹೆಸರಲ್ಲೂ 'ಅಬಿಸಿನಿಕಾ' ಇದೆ, ಅಬಿಸಿನಿಯಾ ಅನ್ನುವುದು ಇಥಿಯೋಪಿಯಾದ ಹಳೇ ಹೆಸರು. ಅಗಸೆ ತೆಲ್ಬಾ, ಎಳ್ಳು ಸೆಲಿತ್, ಕುಸುಬೆ ಸುಫ್. ಉಪವಾಸದ ದಿನಗಳಲ್ಲಿ ಅವರು ಕುಸುಬೆಯನ್ನು ಅರೆದು ಹಾಲು ಹಿಂಡಿ, ಅದರಲ್ಲಿ ಇಂಜೆರಾ ಚೂರು ನೆನೆಸಿ ಉಣ್ಣುತ್ತಾರೆ. ಕುಸುಬಿ ಹಾಲಿನ ಹುಗ್ಗಿ ತಿಂದು ಬೆಳೆದವರಿಗೆ ಅದು ಅಪರಿಚಿತವೇ ಅಲ್ಲ. ಗುರೆಳ್ಳು ಚಟ್ನಿಪುಡಿ ಮಾಡಿಟ್ಟುಕೊಂಡರೆ ಕೆಟ್ಟ ವಾರಗಳಿಗೆ ಅದೊಂದೇ ಸಾಕು. ಒಂದು ಲೋಟ ನೂಗ್ ಕಾಳನ್ನು ಕೇರಿ, ಬಿಳಿ ಬಟ್ಟೆಯ ಮೇಲೆ ಹರಡಿ ಕಲ್ಲು ಆರಿಸಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಐದಾರು ನಿಮಿಷ ಹುರಿಯಿರಿ. ಮೊದಲು ಸುಮ್ಮನಿರುತ್ತದೆ, ಆಮೇಲೆ ಒಂದೊಂದಾಗಿ ಚಟಪಟ ಅನ್ನುತ್ತದೆ. ಸದ್ದು ಜೋರಾದಾಗ ಇಳಿಸಿಬಿಡಿ. ಕಾಳು ಮೊದಲೇ ಕಪ್ಪಾದ್ದರಿಂದ ಬಣ್ಣ ನೋಡಿ ಹದ ಹೇಳಲಾಗದು, ಕಿವಿಯಿಂದಲೇ ತಿಳಿಯಬೇಕು, ಸೀದರೆ ಕಹಿ. ಪೂರ್ತಿ ಆರಿದ ಮೇಲೆ ಬೀಜ ತೆಗೆದ ಎಂಟು ಒಣಮೆಣಸಿನಕಾಯಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಉಪ್ಪು, ನೆಲ್ಲಿಕಾಯಿ ಗಾತ್ರದ ಒಣ ಹುಣಸೆ ಸೇರಿಸಿ ಮಿಕ್ಸಿಯನ್ನು ತಡೆತಡೆದು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಗಟ್ಟುತ್ತದೆ, ಬೇಗ ಕಮಟುತ್ತದೆ.

ತಿಂಡಿಗಳಲ್ಲೂ ಹೀಗೇ. ಕೊಲೊ ಅಂದರೆ ಹುರಿಗಾಳು, ನಿಫ್ರೊ ಅಂದರೆ ಗುಗ್ಗರಿ, ಬೆಸೊ ಅಂದರೆ ಹುರಿದ ಬಾರ್ಲಿಯ ಹಿಟ್ಟು, ನಮ್ಮ ಹುರಿಹಿಟ್ಟಿನ ಅಣ್ಣತಮ್ಮ. ಗೆನ್ಫೊ ಅನ್ನುವುದನ್ನು ನೋಡಿದರೆ ಮುದ್ದೆಯ ಊರಿನವರು ಒಂದು ಕ್ಷಣ ನಿಲ್ಲುತ್ತಾರೆ: ಬಾರ್ಲಿ ಹಿಟ್ಟು ತಿರುವಿ ಕಟ್ಟಿದ ಗುಡ್ಡೆ, ನೆತ್ತಿಯಲ್ಲಿ ಗುಳಿ, ಗುಳಿಯಲ್ಲಿ ಬೆರ್ಬೆರೆ ಕಲಸಿದ ತುಪ್ಪ. ಅಂಚಿನಿಂದ ಮುರಿದು ಅದ್ದಿ ತಿನ್ನುವುದು. ಬಾಣಂತಿಗೆ ಕೊಡುವ ಊಟ ಅದು.

ಮೊಸರಿಗೆ ಎರ್ಗೊ, ಮಜ್ಜಿಗೆಗೆ ಅರೆರಾ. ಹೊರಗಿನ ಎರ್ಗೊ ಕಾಯಿಸದ ಹಾಲಿನದಾಗಿರಬಹುದು. ಹಾಲು ತಂದು ಕಾಯಿಸಿ ಮನೆಯಲ್ಲೇ ಹೆಪ್ಪು ಹಾಕುವುದು ಕ್ಷೇಮ. ಅಡ್ಡಿಸ್‌ನಲ್ಲಿ ನವೆಂಬರ್–ಡಿಸೆಂಬರ್ ರಾತ್ರಿ ಹತ್ತು ಡಿಗ್ರಿಗೂ ಕೆಳಗಿಳಿಯುತ್ತದೆ, ಹಾಗಾಗಿ ಮೊಸರು ಬೆಳಗ್ಗೆಯೂ ಹಾಲಾಗಿಯೇ ಇರುತ್ತದೆ. ಕುಕ್ಕರಿಗೆ ಕೈ ತಾಳುವಷ್ಟು ಬಿಸಿಯ ನೀರು ಹಾಕಿ, ಹೆಪ್ಪಿನ ಪಾತ್ರೆ ಅದರೊಳಗಿಟ್ಟು, ಕಂಬಳಿ ಸುತ್ತಿಡಿ. ದೋಸೆಹಿಟ್ಟಿಗೂ ಇದೇ ಉಪಾಯ. ಅದಕ್ಕೆ ಹದಿನೆಂಟರಿಂದ ಇಪ್ಪತ್ತನಾಲ್ಕು ಗಂಟೆ ಬೇಕು, ನಡುವೆ ಒಮ್ಮೆ ನೀರು ಬದಲಿಸಬೇಕು, ಹಳೇ ಹಿಟ್ಟಿನ ಒಂದು ಸೌಟು ಉಳಿಸಿಕೊಂಡು ಹೊಸದಕ್ಕೆ ಬೆರೆಸಬೇಕು.

ಇನ್ನು ಇಂಜೆರಾ. ತೆಫ್ ಎಂಬ, ರಾಗಿಗಿಂತಲೂ ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿಹಿಡಿಸುತ್ತಾರೆ. ಮೇಲೆ ನಿಂತ ಹಳದಿ ತಿಳಿಗೆ ಎರ್ಶೊ ಅನ್ನುತ್ತಾರೆ, ಅದೇ ಮುಂದಿನ ಹಿಟ್ಟಿಗೆ ಹೆಪ್ಪು. ಹುಳಿಬಂದ ಹಿಟ್ಟಿನ ಒಂದು ಪಾಲನ್ನು ನೀರಲ್ಲಿ ಗಂಜಿಯಂತೆ ಕುದಿಸಿ ಮತ್ತೆ ಹಿಟ್ಟಿಗೇ ಸೇರಿಸುತ್ತಾರೆ. ಅಬ್ಸಿತ್ ಎಂಬ ಈ ಹಂತ ಬಿಟ್ಟರೆ ಇಂಜೆರಾ ಮಡಚುವಾಗ ಸೀಳುತ್ತದೆ. ಆಮೇಲೆ ಅರ್ಧ ಮೀಟರಿಗೂ ಅಗಲದ ಮಿತಾದ್ ಎಂಬ ಹೆಂಚಿನ ಮೇಲೆ ಅಂಚಿನಿಂದ ಸುತ್ತುತ್ತಾ ಒಳಕ್ಕೆ ಹುಯ್ಯುತ್ತಾರೆ. ಕಣ್ಣುಗಳು ತೆರೆದುಕೊಂಡ ಕೂಡಲೇ ಮುಚ್ಚಳ. ಮಗುಚುವುದಿಲ್ಲ. ಒಬ್ಬರೇ ಇರುವವರು ಇದನ್ನು ಮನೆಯಲ್ಲಿ ಮಾಡಹೊರಡಬೇಡಿ. ಕೇರಿಯಲ್ಲೇ ಮಾರುತ್ತಾರೆ, ಅದೇ ದಿನದ್ದು ಕೊಳ್ಳಿ. ಬಟ್ಟೆಯಲ್ಲಿ ಸುತ್ತಿಟ್ಟರೆ ಎರಡು ಮೂರು ದಿನ ಬರುತ್ತದೆ, ಹುಳಿ ಮಾತ್ರ ದಿನದಿನಕ್ಕೆ ಏರುತ್ತದೆ. ಬಾಯಿಗೆ ಹೊಸದಾದವರು ಮೊದಲ ದಿನದ್ದನ್ನೇ ತಿನ್ನಿ. ಉಳಿದದ್ದನ್ನು ಹರಿದು, ಈರುಳ್ಳಿ ಒಗ್ಗರಣೆಯಲ್ಲಿ ಕಲಸಿದರೆ ಫಿರ್ಫಿರ್. ತಂಗಳು ಚಪಾತಿಯ ಒಗ್ಗರಣೆ ಮಾಡುವವರಿಗೆ ಹೇಳಿಕೊಡಬೇಕಿಲ್ಲ.

ಸಸ್ಯಾಹಾರಿಗಳು ಕಲಿಯಲೇಬೇಕಾದ ಮಾತು 'ತ್ಸೋಮ್', ಉಪವಾಸ. ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರಿನ ಮುಂಚಿನ 55 ದಿನ ಮಾಂಸ, ಮೊಟ್ಟೆ, ಹಾಲು, ತುಪ್ಪ ಮುಟ್ಟುವುದಿಲ್ಲ. ಆ ದಿನಗಳಲ್ಲಿ ಹೋಟೆಲಿನಲ್ಲಿ "ಯೆತ್ಸೋಮ್ ಬೆಯಾಯ್ನೆತು" ಅಂದರೆ ಒಂದು ಇಂಜೆರಾ ಮೇಲೆ ಬೇಳೆ, ಬಟಾಣಿ, ಸೊಪ್ಪು, ಎಲೆಕೋಸು, ಬೀಟ್‌ರೂಟ್ ಎಲ್ಲ ಬರುತ್ತದೆ. ಮೀನು ಮಾತ್ರ ಕೆಲವರಿಗೆ ಉಪವಾಸದಲ್ಲೂ ನಡೆಯುತ್ತದೆ, ಅದಕ್ಕೆ 'ಆಸಾ' ಬೇಡ ಎಂದು ಹೇಳಿಬಿಡಿ. ಕಡಲೆ ಅಥವಾ ಬಟಾಣಿ ಹಿಟ್ಟಿನ ಶಿರೊ ನಮ್ಮ ಝುಣಕದ ನೆಂಟ, ದಿನವೂ ಸಿಗುತ್ತದೆ. ಆದರೆ 'ಬೊಜೆನಾ ಶಿರೊ' ಎಂದಿದ್ದರೆ ಅದರಲ್ಲಿ ಮಾಂಸವಿದೆ. "ಸಿಗಾ ಅಲ್ಬೆಲಾಮ್", ಮಾಂಸ ತಿನ್ನುವುದಿಲ್ಲ. ಕಷ್ಟ ಬರುವುದು ಈಸ್ಟರಾದ ಮೇಲಿನ ಐವತ್ತು ದಿನ. ಆಗ ಬುಧವಾರ, ಶುಕ್ರವಾರದ ಉಪವಾಸವೂ ಇಲ್ಲ, ಎಷ್ಟೋ ಹೋಟೆಲುಗಳಲ್ಲಿ ಆ ಅಡುಗೆಯೂ ಇಲ್ಲ. ಆ ಏಳು ವಾರಕ್ಕೆ ಮನೆಯಲ್ಲಿ ಬೇಳೆಕಾಳು ತುಂಬಿಸಿಕೊಂಡಿರಿ. ಹರಾರ್, ಜಿಜಿಗಾ ಕಡೆ ಮುಸ್ಲಿಮರೇ ಹೆಚ್ಚು, ಅಲ್ಲಿ ಈ ಏರ್ಪಾಡನ್ನು ನಂಬಿಕೊಳ್ಳುವಂತಿಲ್ಲ.

ಇದು ತರಗತಿಗೂ ಸಂಬಂಧಪಟ್ಟದ್ದು. ಈಸ್ಟರಿನ ಮುಂಚಿನ ಆ ದೊಡ್ಡ ಉಪವಾಸದಲ್ಲಿ ಕಟ್ಟುನಿಟ್ಟಿನವರು ಮಧ್ಯಾಹ್ನ ಮೂರರವರೆಗೆ ಏನನ್ನೂ ತಿನ್ನುವುದಿಲ್ಲ, ರಂಜಾನಿನಲ್ಲಿ ಮುಸ್ಲಿಂ ವಿದ್ಯಾರ್ಥಿಗಳದ್ದೂ ಉಪವಾಸ. ಕಠಿಣ ಪಾಠ, ಕಿರುಪರೀಕ್ಷೆ ಬೆಳಗಿನ ಪಾಳಿಗೆ ಹಾಕಿಕೊಳ್ಳಿ. ಪ್ರಶ್ನೆ ಕೇಳಿದಾಗ ಹುಡುಗಿಯೊಬ್ಬಳು ಹಠಾತ್ತನೆ ಉಸಿರು ಒಳಗೆಳೆದುಕೊಂಡರೆ ಗಾಬರಿಯಾಗಿದ್ದಾಳೆ ಅಂದುಕೊಳ್ಳಬೇಡಿ. ಅದು "ಹೌದು". ಹೆಸರಿನ ಎರಡನೇ ಪದ ಮನೆತನದ್ದಲ್ಲ, ತಂದೆಯದು. ಆದ್ದರಿಂದ ಎಲ್ಲರನ್ನೂ ಮೊದಲ ಹೆಸರಿನಿಂದಲೇ ಕರೆಯುವುದು. ನಿಮ್ಮನ್ನೂ ಹಾಗೆಯೇ, ಮುಂದೆ 'ಡಾಕ್ಟರ್' ಅಥವಾ 'ಮೆಮ್ಹಿರ್', ಅಂದರೆ ಮೇಷ್ಟರು, ಎಂದು ಸೇರಿಸಿ.

ಗಡಿಯಾರ, ಕ್ಯಾಲೆಂಡರ್ ಎರಡೂ ಬೇರೆ. ನಮ್ಮ ಪಂಚಾಂಗದಂತೆ ಅವರ ದಿನವೂ ಸೂರ್ಯೋದಯದಿಂದ. ಬೆಳಗ್ಗೆ ಏಳು ಗಂಟೆ ಅವರಿಗೆ ಒಂದು, ಒಂಬತ್ತು ಅಂದರೆ ಮೂರು. ಯಾರಾದರೂ "ಎರಡಕ್ಕೆ ಬನ್ನಿ" ಅಂದರೆ ಬೆಳಗ್ಗೆ ಎಂಟು. ವೇಳಾಪಟ್ಟಿ ಯಾವ ಗಡಿಯಾರದ್ದು ಎಂದು ಮೊದಲ ದಿನವೇ ಕೇಳಿ. ವರ್ಷಕ್ಕೆ ಮೂವತ್ತು ದಿನದ ಹನ್ನೆರಡು ತಿಂಗಳು, ಕೊನೆಗೆ ಐದೋ ಆರೋ ದಿನದ ಹದಿಮೂರನೆಯದು. 2025ರ ಸೆಪ್ಟೆಂಬರ್ 11ಕ್ಕೆ ಅವರ 2018 ಶುರುವಾಯಿತು. ಮನೆ ಬಾಡಿಗೆ ಕರಾರಿನಲ್ಲಿ 'ಸೆನೆ 30' ಎಂದಿದ್ದರೆ ಅದು ಜೂನ್ 30 ಅಲ್ಲ, ಜುಲೈ 7. ಪ್ರತಿ ಕಾಗದದಲ್ಲೂ ಎರಡೂ ದಿನಾಂಕ ಬರೆಸಿಕೊಳ್ಳಿ.

ಕಾಫಿ ವಿಚಾರದಲ್ಲಿ ಅವರ ಕ್ರಮಕ್ಕೇ ಒಗ್ಗಿಕೊಳ್ಳುವುದು ಚೆನ್ನ. ನೆರೆಮನೆಯವರು 'ಬುನಾ'ಕ್ಕೆ ಕರೆದರೆ ಒಂದು ಗಂಟೆ ಬಿಡುವು ಮಾಡಿಕೊಂಡೇ ಹೋಗಿ. ಕಣ್ಣೆದುರೇ ಹಸಿ ಬೀಜ ಹುರಿದು, ಹೊಗೆಯನ್ನು ನಿಮ್ಮ ಮೂಗಿನ ಹತ್ತಿರ ತಂದು, ಕುಟ್ಟಿ, ಮಣ್ಣಿನ ಜೆಬೆನಾದಲ್ಲಿ ಕುದಿಸುತ್ತಾರೆ. ಅಬೊಲ್, ತೊನಾ, ಬರಕಾ ಎಂದು ಮೂರು ಸುತ್ತು. ಮೊದಲ ಸುತ್ತಿಗೇ ಎದ್ದರೆ ಅವರಿಗೆ ಬೇಸರ. ಊಟದ ನಡುವೆ ತುತ್ತು ಕಟ್ಟಿ ಬಾಯಿಗೆ ಇಡಲು ಬಂದರೆ ಅದು ಗುರ್ಶಾ, ಪ್ರೀತಿಯ ತುತ್ತು, ಬೇಡ ಅನ್ನಬಾರದು. ಮನೆಯಲ್ಲಿ ಫಿಲ್ಟರ್ ಕಾಫಿಯೇ ಬೇಕೆಂದರೆ ಅಲ್ಲಿಯ ಪುಡಿಯಲ್ಲಿ ಚಿಕೋರಿ ಇರುವುದಿಲ್ಲ ಎಂಬುದು ನೆನಪಿರಲಿ. ನೀರು ಸರ್ರನೆ ಇಳಿದು ಡಿಕಾಕ್ಷನ್ ತೆಳುವಾಗುತ್ತದೆ. ಪುಡಿ ಒಂದೂವರೆ ಪಟ್ಟು ಹಾಕಿ, ಬಿಲ್ಲೆ ಚೆನ್ನಾಗಿ ಅದುಮಿ, ನೀರು ಎರಡು ಸಲವಾಗಿ ಹುಯ್ಯಿರಿ.

ಹಾಗಾದರೆ ಊರಿನಿಂದ ಏನು ಒಯ್ಯಬೇಕು? ಇಂಗು ನೂರು ಗ್ರಾಂ, ಬೀಜ ತೆಗೆದ ಹುಣಸೆ ಒಂದು ಕೆ.ಜಿ., ನೆರಳಲ್ಲಿ ಒಣಗಿಸಿದ ಕರಿಬೇವು, ಉದ್ದಿನಬೇಳೆ ಎರಡು ಕೆ.ಜಿ., ತೊಗರಿ ಎರಡು ಕೆ.ಜಿ., ಕೊಬ್ಬರಿ ಎರಡು ಗಿಟುಕು, ಸಾರಿನಪುಡಿ, ಅರ್ಧ ಕೆ.ಜಿ. ಬೆಲ್ಲ. ಮೂರು ಲೀಟರ್ ಕುಕ್ಕರ್, ಮಿಕ್ಸಿ, ದೋಸೆಕಾವಲಿ, ಕಾಫಿ ಫಿಲ್ಟರ್. ಅಕ್ಕಿ ಒಯ್ಯಬೇಡಿ. ತಾನಾ ಸರೋವರದ ಪಕ್ಕದ ಫೊಗೆರಾ ಬಯಲಿನ ಅಕ್ಕಿ ಸ್ವಲ್ಪ ಅಂಟು, ಮೊಸರನ್ನಕ್ಕೆ ಅದೇ ವಾಸಿ. ಅಡ್ಡಿಸ್‌ನ ಬೋಲೆ ಕಡೆಯ ದೊಡ್ಡ ಅಂಗಡಿಗಳಲ್ಲಿ ಬಾಸ್ಮತಿಯೂ ಇರುತ್ತದೆ.

ಕೈಚೀಲದಲ್ಲಿ, ಪಾಸ್‌ಪೋರ್ಟ್ ಜೊತೆಗೆ, ಹಳದಿ ಜ್ವರದ ಲಸಿಕೆಯ ಕಾರ್ಡ್. ಹೊರಡುವುದಕ್ಕೆ ಹತ್ತು ದಿನಕ್ಕೂ ಮುಂಚೆ, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಿ; ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ರಜೆಗೆ ಊರಿಗೆ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಕೇಳುವುದು ಅದನ್ನೇ. ಇಲ್ಲದಿದ್ದರೆ ಮನೆಗೆ ಹೋಗುವ ಮೊದಲು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ.